ಎರಡೇ ತಟ್ಟೆ ತಂದ ದಿನ

ಕಬ್ಬಿಣದ ಮಡಚುವ ಕುರ್ಚಿ ಮುಚ್ಚಿಕೊಳ್ಳುವಾಗ ‘ಫಟ್’ ಎಂದು ಒಂದು ಸದ್ದು ಬರುತ್ತದಲ್ಲ, ಅದನ್ನು ನಾನು ಒಂದರ ಹಿಂದೆ ಒಂದರಂತೆ ಹನ್ನೊಂದು ಸಲ ಕೇಳಿದ್ದೇನೆ. ಅಜ್ಜಂಪುರದ ಕಡೆಯಿಂದ ಬಂದಿದ್ದವರು ಹನ್ನೊಂದು ಜನ. ಎದ್ದರು, ಕೂತಿದ್ದ ಕುರ್ಚಿಯನ್ನು ತಾವೇ ಮಡಚಿದರು, ಗೋಡೆಗೆ ಒರಗಿಸಿದರು, ಚಪ್ಪಲಿ ಮೆಟ್ಟಿ ಹೊರಟರು. ಒಬ್ಬರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಮೂವತ್ತು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು ನಾನು. ಕೂಗಾಡಿ ಹೋದವರು ಮುಂದಿನ ವಾಯಿದೆಗೆ ಬಂದೇ ಬರುತ್ತಾರೆ. ಹೀಗೆ ಸದ್ದಿಲ್ಲದೆ ಕುರ್ಚಿ ಜೋಡಿಸಿಟ್ಟು ಹೋಗುವವರದ್ದೇ ಕಷ್ಟ.

ಅವರು ಎದ್ದದ್ದು ನನ್ನ ಕೈತಪ್ಪಿನಿಂದ. ಅದಕ್ಕೆ ಮೊದಲು ಅವರೆಲ್ಲ ಯಾಕೆ ಸೇರಿದ್ದರು ಅನ್ನುವುದನ್ನು ಹೇಳಬೇಕು.

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ಊರಿನ ಮಂಡಿಗಳಿಗೆ ಬರುವುದು ಒಂದೇ ಜಾತಿಯ ಈರುಳ್ಳಿ. ಕಾನೂನು ಮಾತ್ರ ಮೂರು. ಒಂದೂರಿನಲ್ಲಿ ಚೀಲಕ್ಕೆ ಅರವತ್ತು ಕೆ.ಜಿ., ಇನ್ನೊಂದರಲ್ಲಿ ಎಪ್ಪತ್ತು, ಮತ್ತೊಂದರಲ್ಲಿ ಬಾಯಿ ಹೊಲಿಯಲು ಆಗುವಷ್ಟು. ಮಣ್ಣು, ಸಿಪ್ಪೆ, ಕೊಳೆತದ್ದು ಎಂದು ತೂಕದಲ್ಲಿ ಒಂದಿಷ್ಟು ಕಳೆಯುತ್ತಾರೆ, ಅದಕ್ಕೆ ಸೂಟು ಎಂದು ಹೆಸರು. ಆ ಸೂಟು ಕೂಡ ಒಂದೊಂದು ಕಡೆ ಒಂದೊಂದು. ಒಬ್ಬರು ಸೂಟು ಇಳಿಸಿದರೆ ಬೆಳೆಗಾರರೆಲ್ಲ ಆ ಊರಿಗೆ ನುಗ್ಗುವರು. ಮರುವಾರ ಇನ್ನೊಂದೂರಿನವರು ಚೀಲ ದೊಡ್ಡದು ಮಾಡಿ ಲಾರಿಯವರನ್ನು ತಮ್ಮ ಕಡೆ ಎಳೆಯುವರು. ಮೂರೂ ಊರಿನವರು ಹೀಗೆ ಒಬ್ಬರನ್ನೊಬ್ಬರು ತಿಂದು ಒಬ್ಬರೂ ದಪ್ಪಗಾಗಿರಲಿಲ್ಲ. ಕೊನೆಗೆ ಹೊರಗಿನ ದೊಡ್ಡ ಖರೀದಿದಾರರು ಹೇಳಿ ಕಳಿಸಿದರು. ಮೂರೂ ಕಡೆ ಒಂದೇ ಚೀಲ, ಒಂದೇ ಸೂಟು ಮಾಡಿ, ಸುಗ್ಗಿಗೆ ಮೊದಲು ಬರವಣಿಗೆಯಲ್ಲಿ ಕೊಟ್ಟರೆ ನಿಮ್ಮ ಕಡೆ ಬರುತ್ತೇವೆ, ಇಲ್ಲದಿದ್ದರೆ ಈ ಸಲ ನಮ್ಮ ಲಾರಿಗಳು ಬೇರೆ ಜಿಲ್ಲೆಗೆ.

ಕಡೂರಿನ ಒಬ್ಬ ಮಂಡಿ ಮಾಲೀಕರು ಸಂಚಾಲಕರಾದರು. ಅವರ ಅಕ್ಕ ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ನನ್ನ ಕ್ಲಾಸ್‌ಮೇಟ್. ಆ ಸಲಿಗೆಯಿಂದ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು ಕೂತರು.

“ಮೇಡಂ, ನೀವು ಬರೀ ಬರ್ಕೊಂಡ್ರೆ ಸಾಕು. ಮಾತಾಡೋರು ಬೇಕಾದಷ್ಟು ಜನ ಅವ್ರೆ. ಬರ್ಕೊಳ್ಳೋರಿಲ್ದೆ ಹಾಳಾಗಿದೀವಿ.”

“ನಂಗೆ ಈರುಳ್ಳಿ ಹೆಚ್ಚೋದು ಬಿಟ್ರೆ ಬೇರೇನೂ ಗೊತ್ತಿಲ್ಲಪ್ಪ” ಎಂದೆ.

“ಅದೇ ಬೇಕಾಗಿರೋದು. ಗೊತ್ತಿರೋರೆಲ್ಲ ಸೇರೇ ಹಿಂಗಾಗಿರೋದು.”

ರಿಟೈರ್ ಆಗಿ ಹತ್ತು ವರ್ಷದ ಮೇಲಾಗಿತ್ತು. ಹಳೆಯ ನೋಟ್‌ಬುಕ್, ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ ತೆಗೆದುಕೊಂಡು ಹೋಗಿ ಕೂತೆ. ಮನಸ್ಸಿನೊಳಗೆ ಖುಷಿಯಾಗಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಕಡೂರಿನ ಸಮುದಾಯ ಭವನದ ಊಟದ ಹಾಲಿನಲ್ಲಿ ಸಭೆ. ಮೂರು ಊರಿನ ವರ್ತಕರು ಮೂರು ಪಕ್ಷ. ನಾಲ್ಕನೆಯದು ಬೆಳೆಗಾರರು, ಅವರ ಪರವಾಗಿ ಹಿರೇನಲ್ಲೂರಿನ ಒಬ್ಬ ಹೆಂಗಸು. ಐದನೆಯದು ಹಮಾಲರು, ಮೂರೂ ಊರಿನವರ ಪರವಾಗಿ ಕಡೂರಿನ ಒಬ್ಬ ಮೇಸ್ತ್ರಿ. ಅವರು ಮೊದಲ ದಿನ ಕುರ್ಚಿಯ ಮೇಲೆ ಕೂರಲಿಲ್ಲ, ಕಂಬಕ್ಕೆ ಒರಗಿ ನಿಂತೇ ಇದ್ದರು. ಕೂತುಕೊಳ್ಳಿ ಎಂದು ನಾನು ಹೇಳಿದ್ದಕ್ಕೆ, “ಕುಂತ್ರೆ ಎದ್ದೇಳಾದು ಕಷ್ಟ ಅಮ್ಮಾರೆ, ಸೊಂಟ” ಎಂದರು.

ಮೊದಲೆರಡು ಸಭೆಯಲ್ಲಿ ನಾನು ಬರೆದದ್ದೆಲ್ಲ ಬರೀ ಜಗಳ. ಕನ್ನಡ ಶಾರ್ಟ್‌ಹ್ಯಾಂಡಿನಲ್ಲಿ ಬೈಗುಳಕ್ಕೆ ಬೇರೆ ಚಿಹ್ನೆ ಇಲ್ಲ, ಸದ್ದು ಹೇಗೋ ಗೆರೆ ಹಾಗೆ. ಎಡಗಡೆ ಎರಡು ಬೆರಳು ಮಾರ್ಜಿನ್ ಬಿಟ್ಟು, ಯಾರು ಮಾತಾಡಿದರು ಅನ್ನುವುದಕ್ಕೆ ಅಲ್ಲೊಂದು ಅಕ್ಷರ. ಎಲ್ಲರೂ ಒಟ್ಟಿಗೆ ಕಿರುಚಿದರೆ ಮಾರ್ಜಿನ್‌ನಲ್ಲಿ ಒಂದು ನಕ್ಷತ್ರ. ಎರಡನೆಯ ಸಭೆಯ ಪುಟಗಳು ಆಕಾಶದ ಹಾಗಿದ್ದವು.

ಮೂರನೆಯ ಸಭೆಯಲ್ಲಿ ಚೀಲದ ತೂಕದ ಮಾತು ಬಂತು. ಬೆಳೆಗಾರರಿಗೆ ಸೂಟು ಇಳಿಯಬೇಕು, ಹಮಾಲರಿಗೆ ಚೀಲ ಇಳಿಯಬೇಕು, ವರ್ತಕರಿಗೆ ಮೂರೂ ಊರಿನಲ್ಲಿ ಒಂದೇ ಸಲ ಆಗಬೇಕು. ಒಂದು ಕೊಂಡಿ ಕಳಚಿದರೂ ಉಳಿದದ್ದು ನಿಲ್ಲುವುದಿಲ್ಲ. ತರೀಕೆರೆಯ ಸಾಹುಕಾರರು ನಲವತ್ತು ದಾಟದವರು, ಮಾತಿನಲ್ಲಿ ಚುರುಕು. “ಎಪ್ಪತ್ತು ಕೆ.ಜಿ. ನಮ್ ತಾತನ ಕಾಲ್ದಿಂದ ಐತೆ. ಆವಾಗಿನ ಹಮಾಲ್ರು ಎತ್ತಿಲ್ವಾ? ಈಗಿನೋರಿಗೇನು ರೋಗ?” ಎಂದರು.

ಅಲ್ಲಿಯವರೆಗೆ ಬಾಯಿಯೇ ತೆರೆಯದಿದ್ದ ಮೇಸ್ತ್ರಿ ಕಂಬದ ಹತ್ತಿರದಿಂದಲೇ ಹೇಳಿದರು. “ಸಾಹುಕಾರ್ರೆ, ನಿಮ್ ಲಾರಿಗೆ ಇಷ್ಟು ಟನ್ ಅಂತ ಪಾಸಿಂಗ್ ಐತೆ. ಬಾಗ್ಲ ಮ್ಯಾಲೆ ಬಣ್ಣದಾಗೆ ಬರ್ದೈತೆ. ಜಾಸ್ತಿ ಹಾಕಿದ್ರೆ ದಂಡ. ನನ್ ಬೆನ್ನ ಮ್ಯಾಲೆ ಯಾರೂ ಏನೂ ಬರ್ದಿಲ್ಲ.”

ಸಾಹುಕಾರರೇ ಮೊದಲು ನಕ್ಕರು. “ಬರ್ಕೊಳಿ ಮೇಡಂ. ಮೇಸ್ತ್ರಿಗೆ ಐವತ್ತು ಕೆ.ಜಿ. ಪಾಸಿಂಗ್. ತರೀಕೆರೆ ಒಪ್ಕಂಡೈತೆ ಅಂತ ಬರ್ಕೊಳಿ.”

ಅದರ ಜೊತೆಗೇ ಸೂಟು ಚೀಲಕ್ಕೆ ಒಂದು ಕೆ.ಜಿ. ಎಂದೂ ಆಯಿತು. ಚೀಲ ಜಾಸ್ತಿ ಬೇಕಾಗುತ್ತದೆ ಎಂದು ಹಿರೇನಲ್ಲೂರಿನಾಕೆ ಸ್ವಲ್ಪ ಗೊಣಗಿ, “ಇರ್ಲಿ ಬಿಡಿ, ಎತ್ತೋನು ಉಳುದ್ರೆ ತಾನೇ ನಮ್ ಬೆಳೆ ಲಾರಿ ಹತ್ತಾದು” ಎಂದು ಒಪ್ಪಿದರು. ನಾಲ್ಕನೆಯ ಸಭೆಯಲ್ಲಿ ತಕರಾರು ಬಂದರೆ ಯಾರು ತೀರ್ಮಾನ ಮಾಡಬೇಕು ಅನ್ನುವುದು ಮುಗಿಯಿತು. ಐದನೆಯದಕ್ಕೆ ಸಹಿ ಎಂದು ನಿಗದಿಯಾಯಿತು. ನಾನು ಮನೆಯಲ್ಲಿ ಕೂತು ಫೇರ್ ಕಾಪಿ ಟೈಪ್ ಮಾಡಿದೆ. ಆ ದಿನಗಳಲ್ಲಿ ನನ್ನ ನಡಿಗೆಯೇ ಬೇರೆ ಇತ್ತು, ಮಂಡಿ ಬೀದಿಯಲ್ಲಿ ಜನ ದಾರಿ ಬಿಡುತ್ತಿದ್ದರು.

ತಪ್ಪು ಆದದ್ದು ಮೊದಲ ಪುಟದಲ್ಲಿ, ಪಕ್ಷಗಳ ಹೆಸರಿನ ಪಟ್ಟಿಯಲ್ಲಿ. ಅಜ್ಜಂಪುರ ಬಹಳ ಕಾಲ ತರೀಕೆರೆಗೆ ಸೇರಿದ ಹೋಬಳಿ. ಅದು ಬೇರೆ ತಾಲ್ಲೂಕು ಆಗಿ ಇನ್ನೂ ಹೆಚ್ಚು ವರ್ಷವಾಗಿಲ್ಲ. ಸಮನ್ಸು, ಡಿಕ್ರಿ, ಡಿಪೊಸಿಷನ್ ಎಂದು ಮೂವತ್ತು ವರ್ಷ ‘ಅಜ್ಜಂಪುರ’ ಎಂದು ಹೊಡೆದ ಮೇಲೆ ನನ್ನ ಬೆರಳು ತಾನಾಗಿ ‘ತರೀಕೆರೆ ತಾಲ್ಲೂಕು’ ಎಂದು ಹೊಡೆಯುತ್ತಿತ್ತು. ಈ ಸಲವೂ ಹೊಡೆಯಿತು. ಕಡೂರು ತಾಲ್ಲೂಕು: ಕಡೂರು ಮಂಡಿ. ತರೀಕೆರೆ ತಾಲ್ಲೂಕು: ತರೀಕೆರೆ ಮಂಡಿ, ಅಜ್ಜಂಪುರ ಮಂಡಿ. ಬೆಳೆಗಾರರು, ಹಮಾಲರು ಎಲ್ಲಕ್ಕಿಂತ ಕೆಳಗೆ, ‘ಹಾಜರಿದ್ದವರು’ ಎಂದು. ಎರಡು ಸಲ ಓದಿದೆ, ಎರಡು ಸಲವೂ ಕಣ್ಣಿಗೆ ಬೀಳಲಿಲ್ಲ.

ಸಹಿಯ ದಿನ ಸಂಚಾಲಕರು ಆ ಪಟ್ಟಿ ನೋಡಿಕೊಂಡು ತಾಂಬೂಲದ ತಟ್ಟೆ ತರಿಸಿದರು. ಎರಡು ತಾಲ್ಲೂಕಿಗೆ ಎರಡು ತಟ್ಟೆ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಒಂದೊಂದು ಶಲ್ಯ. ಒಂದನ್ನು ಕಡೂರಿನವರ ಮುಂದೆ ಇಟ್ಟರು, ಇನ್ನೊಂದನ್ನು ತರೀಕೆರೆ ಸಾಹುಕಾರರ ಕೈಗೆ ಕೊಟ್ಟರು. ಅಜ್ಜಂಪುರದ ಯಜಮಾನರು ಎಪ್ಪತ್ತು ಮೀರಿದವರು, ಹಣೆಯಲ್ಲಿ ವಿಭೂತಿ, ಅಂಚಿಲ್ಲದ ಬಿಳಿ ಪಂಚೆ. ಕೈ ಮುಂದೆ ಮಾಡಿದ್ದವರು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ನಂತರ ನನ್ನ ಫೇರ್ ಕಾಪಿ ಕೈಗೆತ್ತಿಕೊಂಡು ಮೊದಲ ಪುಟ ಓದಿದರು.

“ನಾವಿನ್ನೂ ನಿಮ್ ಹೋಬ್ಳಿನೇ ಅಂದಂಗಾಯ್ತು” ಎಂದರು, ಅಷ್ಟೇ.

“ಅಯ್ಯೋ ಯಜಮಾನ್ರೆ, ಒಂದು ತಟ್ಟೆ ತಾನೇ, ಈಗ್ಲೇ ತರಿಸ್ತೀನಿ” ಎಂದು ಸಂಚಾಲಕರು ಓಡಿ ಬಂದರು.

ಅದು ಇನ್ನೂ ಕೆಟ್ಟಿತು. ಕೇಳಿದ ಮೇಲೆ ಬರುವ ತಾಂಬೂಲವನ್ನು ಯಾರು ತೆಗೆದುಕೊಳ್ಳುತ್ತಾರೆ? ಆಮೇಲೆ ಕೇಳಿಸಿದ್ದು ಕುರ್ಚಿಗಳ ಸದ್ದು.

ಆ ವಾರ ಟೀವಿಯಲ್ಲಿ ದೊಡ್ಡ ದೇಶಗಳ ವ್ಯಾಪಾರ ಮಾತುಕತೆಯೂ ಮುರಿದುಬಿತ್ತು ಎಂದು ಸುದ್ದಿ ಬರುತ್ತಿತ್ತು. ಕೋಟು, ಟೈ ಹಾಕಿದವರು ಕಾರು ಹತ್ತಿ ಹೋಗುತ್ತಿದ್ದರು. ನಮ್ಮ ಸಂಚಾಲಕರು ಅದನ್ನು ನೋಡಿ, “ಅಲ್ಲೂ ತಟ್ಟೆ ಕಮ್ಮಿ ಬಿದ್ದಿರ್ಬೇಕು ಮೇಡಂ” ಎಂದರು. ನಗು ಬರಲಿಲ್ಲ. ಊರೆಲ್ಲ ಬೈಯುತ್ತಿದ್ದದ್ದು ಅವರನ್ನು. ತಟ್ಟೆ ತರಿಸಿದ್ದು ಅವರು ಎಂದು ಎಲ್ಲರಿಗೂ ಗೊತ್ತು, ಪಟ್ಟಿ ಟೈಪ್ ಮಾಡಿದ್ದು ನಾನು ಎಂದು ಯಾರೂ ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಎರಡು ದಿನ ನಾನೂ ಸುಮ್ಮನಿದ್ದೆ. ಈ ಬರಹದಲ್ಲಿ ನನಗೆ ನಾಚಿಕೆ ತರುವ ಭಾಗ ಆ ಎರಡು ದಿನ.

ಮೂರನೆಯ ಬೆಳಿಗ್ಗೆ ಮೇಸ್ತ್ರಿ ಮನೆಯ ಮೆಟ್ಟಿಲ ಹತ್ತಿರ ನಿಂತಿದ್ದರು. ಒಳಗೆ ಕರೆದೆ, ಬರಲಿಲ್ಲ. ಕಾಫಿ ಕೊಟ್ಟೆ, ನಿಂತೇ ಕುಡಿದರು.

“ಒಂದ್ ಮಾತು ಕೇಳ್ಲಾ ಅಮ್ಮಾರೆ?”

“ಕೇಳಿ ಮೇಸ್ತ್ರಿ.”

“ನನ್ ಐವತ್ತು ಕೆ.ಜಿ. ಆ ತಟ್ಟೇಲಿತ್ತಾ?”

“ಇಲ್ಲ.”

“ಮತ್ತೆಲ್ಲೈತೆ?”

“ನನ್ನ ಪುಸ್ತಕದಲ್ಲಿದೆ.”

“ಹಂಗಾದ್ರೆ ಯಾರು ಎದ್ದೋದ್ರೂ ಅದು ಅಲ್ಲೇ ಇರ್ತೈತಲ್ಲ” ಎಂದು ಲೋಟ ಕೆಳಗಿಟ್ಟರು. “ಸುಗ್ಗಿಗೆ ಇನ್ನು ಮೂರು ವಾರ ಅಷ್ಟೆಯ. ಅರವತ್ತು ಎಪ್ಪತ್ತರ ಚೀಲ ಇನ್ನೊಂದ್ ವರ್ಷ ಹೊತ್ರೆ ನಮ್ ಹುಡುಗ್ರು ತಡೀತಾರೆ. ನಂಗಾಗಲ್ಲ. ಹೊರೋ ಮೇಸ್ತ್ರಿಗೆ ಹುಡುಗ್ರು ಬೆಲೆ ಕೊಡ್ತಾರೆ, ಕುಂತು ನೋಡೋನಿಗೆ ಕೊಡಲ್ಲ.”

ಅವರು ಹೋದ ಮೇಲೆ ನಾನು ನಿರ್ಧಾರ ಮಾಡಿದೆ. ಕಾಗದ ಬರೆಯುವುದಲ್ಲ, ಫೋನ್ ಮಾಡುವುದಲ್ಲ, ನಾನೇ ಹೋಗಿ ತಪ್ಪು ಒಪ್ಪಿಕೊಳ್ಳಬೇಕು. ಆಗಿರುವ ತೀರ್ಮಾನಗಳಲ್ಲಿ ಒಂದಕ್ಷರವನ್ನೂ ಯಾರೂ ಮತ್ತೆ ಬಿಚ್ಚಲು ಬಿಡಬಾರದು. ಬರೆದುಕೊಳ್ಳಲು ಬಂದವಳು ಮಾತಾಡಲು ಹೊರಟಿದ್ದೆ. ಸಂಚಾಲಕರು, “ನೀವ್ಯಾಕೆ ಮೇಡಂ, ನಾನೇ ಕಾಲಿಗೆ ಬೀಳ್ತೀನಿ” ಎಂದರು. “ನಿಮ್ಮ ಕಾಲಿನ ವಿಷಯ ಅಲ್ಲ, ನನ್ನ ಕೈಯ ವಿಷಯ” ಎಂದೆ.

ಪ್ಯಾಸೆಂಜರ್ ರೈಲಿನಲ್ಲಿ ಅಜ್ಜಂಪುರಕ್ಕೆ ಹೋದೆ. ಯಜಮಾನರು ಮಂಡಿಯ ಗಾದಿಯ ಮೇಲೆ ಕೂತಿದ್ದರು. ಬಾಯಿ ತುಂಬ “ಬನ್ನಿ ಅಮ್ಮಾರೆ, ಕುಂತ್ಕಳಿ” ಎಂದರು, ಮುಖದಲ್ಲಿ ಮಾತ್ರ ಏನೂ ಇಲ್ಲ. ನಾನು ನಡೆದದ್ದನ್ನು ನಡೆದಂತೆ ಹೇಳಿದೆ, ಪಟ್ಟಿ ನನ್ನದು, ತಟ್ಟೆ ಲೆಕ್ಕ ತಪ್ಪಿದ್ದು ಅದರಿಂದ, ಸಂಚಾಲಕರದ್ದು ಏನೂ ಇಲ್ಲ ಎಂದು. “ಐ ಆಮ್ ಸಾರಿ” ಎಂದೂ ಹೇಳಿಬಿಟ್ಟೆ, ಕಾನ್ವೆಂಟಿನ ಸಿಸ್ಟರ್‌ಗಳ ಮುಂದೆ ನಿಂತು ಹೇಳುತ್ತಿದ್ದ ಅದೇ ಧಾಟಿಯಲ್ಲಿ.

ಅವರು ತಮ್ಮ ಕೈ ನೋಡಿಕೊಂಡರು. “ಒಂದು ನಕಲಿಗೆ, ಒಂದು ಸಹಿಗೆ ಅಂತ ತರೀಕೆರೆಗೆ ಅಲ್ದಾಡಿ ನಮ್ ವಯಸ್ಸೇ ಕಳೀತು. ಈ ಸಲ ನಮ್ಮೂರು ಅಂತ ಸಹಿ ಹಾಕಾಣ ಅಂತ ಹೊಸ ಪೆನ್ನು ತಗಂಡು ಬಂದಿದ್ದೆ. ನಗಬ್ಯಾಡಿ.”

“ನಗ್ತಿಲ್ಲ ಯಜಮಾನ್ರೆ.”

“ತಪ್ಪು ನಿಮ್ದೇ ಇರ್ಲಿ, ಮರ್ಯಾದೆ ಹೋಗಿದ್ದು ನಮ್ದು. ಕಾಗ್ದದಾಗೆ ನಮ್ಮೂರ ಹೆಸ್ರು ಎಲ್ರಿಗಿಂತ ಮ್ಯಾಲೆ ಇರ್ಲಿ. ಬತ್ತೀವಿ.”

ಮರುದಿನ ಬಸ್ಸಿನಲ್ಲಿ ತರೀಕೆರೆಗೆ. ಸಾಹುಕಾರರು ಕೇಳಿದ್ದೇ ಕುದಿದರು. “ಎದ್ದೋದೋರಿಗೆ ಮೇಲಿನ ಸೀಟು, ಕುಂತಿದ್ದೋರಿಗೆ ಕೆಳಗಿಂದಾ? ಚೆನ್ನಾಗೈತೆ ಮೇಡಂ ನಿಮ್ ನ್ಯಾಯ. ಹಂಗಾದ್ರೆ ನಮ್ದೂ ಒಂದೈತೆ. ಚೀಲ ಅರವತ್ತು ಮಾಡಿ. ಐವತ್ತಕ್ಕೆ ನಾವೇನು ಬಾಯಿ ಬಿಟ್ಟು ಒಪ್ಪಿರ್ಲಿಲ್ಲ, ತಮಾಷೆಗೆ ಅಂದಿದ್ದು.”

ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆದೆ. ಕೋರ್ಟಿನಲ್ಲಿ ಸಾಕ್ಷಿ ಮಾತು ತಿರುಗಿಸಿದರೆ ನ್ಯಾಯಾಧೀಶರು ‘ರೀಡ್ ಬ್ಯಾಕ್’ ಎನ್ನುತ್ತಿದ್ದರು. ಸ್ಟೆನೋ ಎದ್ದುನಿಂತು, ದನಿ ಏರಿಸದೆ ಇಳಿಸದೆ, ಬರೆದುಕೊಂಡದ್ದನ್ನು ಓದಬೇಕು. ಎದ್ದುನಿಂತು ಓದಿದೆ. ತಾತನ ಕಾಲದ ಮಾತು, ಈಗಿನವರಿಗೇನು ರೋಗ ಎಂದದ್ದು, ಮೇಸ್ತ್ರಿ ತಮ್ಮ ಬೆನ್ನ ಬಗ್ಗೆ ಹೇಳಿದ್ದು, ಬ್ರಾಕೆಟ್ಟಿನಲ್ಲಿ ‘ನಗು’, ಆಮೇಲೆ ‘ತರೀಕೆರೆ ಒಪ್ಕಂಡೈತೆ ಅಂತ ಬರ್ಕೊಳಿ’ ಎಂಬುದು. ಅವರ ಮಂಡಿಯ ಗುಮಾಸ್ತರು, ನಾಲ್ಕು ಜನ ಬೆಳೆಗಾರರು, ಇಬ್ಬರು ಹಮಾಲರು ಕೆಲಸ ಬಿಟ್ಟು ಕೇಳುತ್ತಿದ್ದರು. ಅಷ್ಟು ದಿನದ ಮೇಲೂ ನನ್ನ ಗೆರೆಗಳು ಒಂದು ಕಡೆಯೂ ತಡವರಿಸಲಿಲ್ಲ.

ಸಾಹುಕಾರರು ಕಿವಿ ಕೆರೆದುಕೊಂಡರು. “ಹಿಂಗೂ ಬರ್ಕೋತಾರಾ! ನಗಾದೂ ಬಿಟ್ಟಿಲ್ವಲ್ರೀ” ಎಂದು ತಾವೇ ನಕ್ಕರು. “ಆಯ್ತು, ಐವತ್ತೇ ಇರ್ಲಿ. ಆದ್ರೆ ಹೆಸ್ರು ಮಾತ್ರ ನಾವು ಕೆಳಗೆ ಹಾಕಿಸ್ಕಳಲ್ಲ. ಅದು ನಂದೊಬ್ಬಂದಲ್ಲ, ಊರಿಂದು.”

ಅಲ್ಲಿಗೆ ಕೆಲಸ ಅರ್ಧವಾಯಿತು. ಉಳಿದರ್ಧ ಬಗೆಹರಿಯದ್ದು. ಇಬ್ಬರಿಗೂ ಹೆಸರು ಮೇಲೆ ಬೇಕು, ಪುಟಕ್ಕೆ ಮೇಲ್ತುದಿ ಒಂದೇ. ಅಕ್ಷರಮಾಲೆ ಪ್ರಕಾರ ಹಾಕಿದರೆ ಅಜ್ಜಂಪುರ ಮೊದಲು, ತರೀಕೆರೆ ಒಪ್ಪುವುದಿಲ್ಲ. ತಾಲ್ಲೂಕಿನ ಹಿರಿತನದ ಪ್ರಕಾರ ಹಾಕಿದರೆ ಅಜ್ಜಂಪುರ ಬರುವುದಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಯೋಚಿಸಿದೆ. ಬೀರೂರು ದಾಟುವಾಗ ಕೋರ್ಟಿನ ಒಂದು ಕೆಲಸ ನೆನಪಾಯಿತು. ತೀರ್ಪು ಒಂದೇ, ಆದರೆ ವಾದಿಗೊಂದು, ಪ್ರತಿವಾದಿಗೊಂದು ನಕಲು, ಕೇಳಿದವರ ಹೆಸರಿನಲ್ಲಿ ತಯಾರಾಗುತ್ತಿತ್ತು. ಹಾಗಾದರೆ ಒಂದೇ ಅಸಲು ಯಾಕೆ ಇರಬೇಕು? ಎಲ್ಲವೂ ಅಸಲೇ ಆಗಲಿ. ಅಜ್ಜಂಪುರದವರ ಪ್ರತಿಯಲ್ಲಿ ಅಜ್ಜಂಪುರ ಮೊದಲು, ತರೀಕೆರೆಯವರದ್ದರಲ್ಲಿ ತರೀಕೆರೆ ಮೊದಲು. ಕೆಳಗಿನ ಒಕ್ಕಣೆ ಅಕ್ಷರ, ಚುಕ್ಕಿ ಸಮೇತ ಒಂದೇ. ಎಲ್ಲರೂ ಎಲ್ಲ ಪ್ರತಿಗಳಿಗೂ ಸಹಿ.

ದೇಶ ದೇಶಗಳ ನಡುವಿನ ಒಪ್ಪಂದಗಳಲ್ಲಿ ಹೀಗೆ ಮಾಡುವ ಪದ್ಧತಿ ಮೊದಲಿನಿಂದ ಇದೆಯಂತೆ, ಬಹಳ ದಿನದ ಮೇಲೆ ತಿಳಿಯಿತು. ಕಡೂರು ಬಸ್ಸಿನಲ್ಲಿ ಕೂತಿದ್ದ ನನಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೊಳೆಯಿತು ಅನ್ನುವುದು ನನ್ನ ಜಂಭ, ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಮನೆಗೆ ಬಂದು ಎಷ್ಟು ಪ್ರತಿ ಎಂದು ಬೆರಳು ಮಡಚಿದಾಗ ಇನ್ನೊಂದು ತಿಳಿಯಿತು. ಎರಡು ತಟ್ಟೆ ತಂದದ್ದು ತಪ್ಪು ಎಂದು ಎಲ್ಲರೂ ಬೈದರು. ಮೂರು ತಂದಿದ್ದರೂ ತಪ್ಪೇ ಆಗುತ್ತಿತ್ತು, ಯಾರೂ ಬೈಯುತ್ತಿರಲಿಲ್ಲ ಅಷ್ಟೆ. ಪಕ್ಷಗಳು ಐದು. ಹಿರೇನಲ್ಲೂರಿನಾಕೆಗೂ ಮೇಸ್ತ್ರಿಗೂ ನಾನು ಇಟ್ಟಿದ್ದು ‘ಹಾಜರಿದ್ದವರು’ ಎಂಬ ಒಂದು ಸಾಲು. ಅವರಿಬ್ಬರೂ ಎದ್ದು ಹೋಗಿರಲಿಲ್ಲ, ಯಾಕೆಂದರೆ ತಟ್ಟೆ ಬರುತ್ತದೆ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

ಐದು ಪ್ರತಿ ಟೈಪ್ ಮಾಡಿದೆ. ನಕಲು ಹೊಂದಿಸಿ ನೋಡುವುದಕ್ಕೆ ನಾವು ‘ಕಂಪೇರ್’ ಎನ್ನುತ್ತೇವೆ, ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬೆರಳಿಟ್ಟುಕೊಂಡು ಹೋಗಬೇಕು. ಹಿರೇನಲ್ಲೂರಿನಾಕೆಯನ್ನು ಕರೆಸಿಕೊಂಡೆ. ಏಳನೇ ಕ್ಲಾಸು ಓದಿದವರು, ಕಣ್ಣು ಹದ್ದಿನಂಥದ್ದು.

“ಅಕ್ಕಾರೆ, ಇಲ್ಲೊಂದು ಸೊನ್ನೆ ಕಮ್ಮಿ ಐತೆ ನೋಡಿ” ಎಂದು ಹಿಡಿದರು. ನೋಡಿದರೆ ಹಮಾಲರ ಪ್ರತಿಯಲ್ಲಿ ‘50 ಕೆ.ಜಿ.’ ಇರಬೇಕಾದ ಕಡೆ ಐದು ಮಾತ್ರ.

“ಬಿಡಿ, ಮೇಸ್ತ್ರಿ ಖುಷಿಯಾಗ್ತಾನೆ” ಎಂದು ಆಕೆಯೇ ಅಂದದ್ದಕ್ಕೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆ ಪುಟ ಹರಿದು ಮತ್ತೆ ಹೊಡೆದೆ.

ಆರನೆಯ ಸಭೆಗೆ ಅಜ್ಜಂಪುರದ ಹನ್ನೊಂದೂ ಜನ ಬಂದರು. ಮೊದಲು ಐದು ಪ್ರತಿಯನ್ನೂ ಗಟ್ಟಿಯಾಗಿ ಓದಿದೆ, ಒಂದೇ ವಿಷಯ ಐದು ಸಲ, ಒಂದು ಗಂಟೆಗೂ ಮೇಲೆ. ಯಾರೂ ಆಕಳಿಸಲಿಲ್ಲ, ಪ್ರತಿಯೊಬ್ಬರೂ ತಮ್ಮ ಹೆಸರು ಮೊದಲು ಬರುವ ಪ್ರತಿಗಾಗಿ ಕಾಯುತ್ತಿದ್ದರು. ಯಜಮಾನರು ತಮ್ಮ ಪ್ರತಿಯ ಮೊದಲ ಸಾಲಿನ ಮೇಲೆ ಬೆರಳಾಡಿಸಿ, ಜೇಬಿನಿಂದ ಪೆನ್ನು ತೆಗೆದರು. ಸಾಹುಕಾರರು, “ಯಜಮಾನ್ರೆ, ನಿಮ್ ಪೆನ್ನು ಚೆನ್ನಾಗೈತೆ, ನನ್ ಪ್ರತಿಗೂ ಕೊಡಿ” ಎಂದರು. ಕೊಟ್ಟರು. ಐದು ತಟ್ಟೆ ಒಟ್ಟಿಗೆ ಬಂದವು, ಐದು ಜನರ ಕೈಯಲ್ಲಿ, ಒಂದೇ ಗಳಿಗೆಗೆ ಐದು ಕಡೆ ಇಟ್ಟರು. ಹಾಗೆಯೇ ಆಗಬೇಕೆಂದು ನಾನು ಮೂರು ಸಲ ರಿಹರ್ಸಲ್ ಮಾಡಿಸಿದ್ದೆ.

ಮೇಸ್ತ್ರಿ ಆ ದಿನ ಕುರ್ಚಿಯ ಮೇಲೆ ಕೂತಿದ್ದರು. “ನಂಗೂ ಒಂದಾ?” ಎಂದು ತಟ್ಟೆಯನ್ನೂ ನನ್ನನ್ನೂ ನೋಡಿದರು. ಆಮೇಲೆ ಕಾಗದ ನೋಡಿ, “ಇದ್ರಾಗೆ ನಾವೇ ಮೊದ್ಲಾ ಅಮ್ಮಾರೆ?”

“ಭಾಳ ಹಿಗ್ಗಬ್ಯಾಡ ಕಣಣ್ಣ” ಎಂದರು ಹಿರೇನಲ್ಲೂರಿನಾಕೆ. “ನಂದ್ರಾಗೆ ನೀನು ಕೊನೆ.”

ಆ ಒಪ್ಪಂದ ಒಂದು ವರ್ಷದ್ದು. ಪ್ರತಿ ವರ್ಷ ಸುಗ್ಗಿಗೆ ಮೊದಲು ಮತ್ತೆ ಕೂರಬೇಕು. ಈ ವರ್ಷ ಲಾರಿ ಕಾದು ನಿಂತರೆ ಅದರ ಬಾಡಿಗೆ ಯಾರು ಕೊಡಬೇಕು ಎಂಬ ವಿಷಯಕ್ಕೆ ಸಿಕ್ಕಿಕೊಂಡಿದೆ, ಎರಡು ಸಭೆ ಏನೂ ಆಗದೆ ಮುಗಿದಿವೆ. ಮುಂದುವರಿಯುತ್ತದಾ ಎಂದು ಜನ ನನ್ನನ್ನು ಕೇಳುತ್ತಾರೆ. ಎರಡೂ ಸಭೆಯಲ್ಲಿ ಜಗಳ ಜೋರಾಗಿಯೇ ನಡೆಯಿತು, ಮಾರ್ಜಿನ್ ತುಂಬ ನಕ್ಷತ್ರ, ಹಾಗಾಗಿ ನನಗೆ ಭರವಸೆ ಇದೆ. ಕೈ ನಡುಗುತ್ತದೆ, ಟೈಪ್ ಬೇರೆಯವರು ಮಾಡುತ್ತಾರೆ. ಕಂಪೇರ್ ಮಾಡುವುದು ಮಾತ್ರ ನಾನೇ.

ಮೇಸ್ತ್ರಿ ಈಗ ಇಲ್ಲಿಲ್ಲ. ಆ ಸುಗ್ಗಿ ಪೂರ್ತಿ ತಮ್ಮ ಹುಡುಗರ ಜೊತೆ ಹೊತ್ತು, ಅದು ಮುಗಿದ ಮೇಲೆ ಹೊಸದುರ್ಗದ ಕಡೆ ಮಗಳ ಊರಿಗೆ ಹೋದರಂತೆ, ನನಗೆ ಹೇಳಿ ಹೋಗಲಿಲ್ಲ. ನಾನು ಅವರನ್ನು ಕೊನೆಗೆ ನೋಡಿದ್ದು ಸುಗ್ಗಿಯ ನಡುವೆ, ಒಂದು ಮಧ್ಯಾಹ್ನ, ಮಂಡಿ ಬೀದಿಯಲ್ಲಿ ನನ್ನ ಆಟೋ ಲಾರಿಯ ಹಿಂದೆ ಸಿಕ್ಕಿಕೊಂಡಾಗ. ತೂಕದ ಯಂತ್ರದ ಮೇಲೆ ಒಂದು ಚೀಲ. ಕೆಂಪು ಅಂಕಿ ಐವತ್ತಾರು ತೋರಿಸುತ್ತಿತ್ತು.

“ಆರ್ ಕೆ.ಜಿ. ತಾನೇ, ಎತ್ತಯ್ಯ, ಹೊತ್ತಾಯ್ತು” ಎಂದು ಚೀಲ ತಂದಿದ್ದವನು ಅವಸರ ಮಾಡುತ್ತಿದ್ದ.

ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು, ಹೊಲಿಗೆಯ ಗಂಟು ಬಿಚ್ಚಿ, ಈರುಳ್ಳಿಗಳನ್ನು ಬುಟ್ಟಿಗೆ ತೆಗೆದು ಹಾಕತೊಡಗಿದರು. ಮೊದಲು ಬೊಗಸೆ ಬೊಗಸೆ, ಆಮೇಲೆ ಒಂದೊಂದೇ, ಪ್ರತಿ ಸಲವೂ ಅಂಕಿ ನೋಡುತ್ತ. ಐವತ್ತು ಚಿಲ್ಲರೆಗೆ ಬಂತು. ಇನ್ನೊಂದು ತೆಗೆದರು. ಐವತ್ತಕ್ಕೆ ನಿಂತಿತು. ಬಾಯಿ ಹೊಲಿದು, ಎದ್ದು, ಚೀಲಕ್ಕೆ ಬೆನ್ನು ಮಾಡಿ ಬಗ್ಗಿ, “ಈಗ ಹಾಕ್ರೋ” ಎಂದರು.